ನೀರು ಬಿಟ್ಟ ದಿಕ್ಕು

ತೊಂಬತ್ತರ ದಶಕದಲ್ಲಿ, ಮಗಳ ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರವಾದ ರೋಸ್‌ಗೆ ನೆಂಟರು ಬರುತ್ತಾರೆಂದು, ಬಂಟ್ವಾಳದ ನಮ್ಮ ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದೆವು. ಅಲ್ಲಿಯವರೆಗೆ ಅದು ಮಣ್ಣಿನ ಅಂಗಳ. ಮಳೆಗೆ ಮಣ್ಣು ಕೊಚ್ಚಿ ಹೋಗದಂತೆ ತೆಂಗಿನ ಮಡಲು ಹಾಸುತ್ತಿದ್ದೆವು. ಆ ಕೆಸರು, ಕೊಳೆತ ಮಡಲಿನ ವಾಸನೆ ಎಂದರೆ ನನಗೆ ನಾಚಿಕೆ. ಕಾನ್ವೆಂಟಿನ ಸಿಸ್ಟರುಗಳು ನಮ್ಮ ಉಗುರು ನೋಡುತ್ತಿದ್ದ ಕಣ್ಣಿನಿಂದಲೇ ನಾನು ಅಂಗಳ ನೋಡುತ್ತಿದ್ದೆ.

"ನೀರು ಯಾವ ಕಡೆ ಬಿಡುವ, ಬಾಯಮ್ಮ?" ಎಂದು ಮೇಸ್ತ್ರಿ ಕೇಳಿದ.

ಯೋಚಿಸದೆ ಗೇಟಿನ ಕಡೆ ಕೈ ತೋರಿಸಿದೆ. ಗೇಟಿನಾಚೆ ತಗ್ಗಿನಲ್ಲಿ, ಬೀಡಿ ಕಟ್ಟಿ ಒಬ್ಬರೇ ಬದುಕುತ್ತಿದ್ದ, ನಾವು ಅಕ್ಕ ಎಂದೇ ಕರೆಯುತ್ತಿದ್ದ ನೆರೆಯವರ ಮಣ್ಣುಗೋಡೆಯ ಮನೆಯಿತ್ತು.

ಮೊದಲ ಮಳೆಗೆ ಅಂಗಳದಲ್ಲಿ ಹನಿ ನೀರೂ ನಿಲ್ಲಲಿಲ್ಲ. ಪರ್ಫೆಕ್ಟ್ ಸ್ಲೋಪ್ ಎಂದು ನಾನು ಹಿಗ್ಗಿದೆ. ಮರುದಿನ ಅಕ್ಕ ಬಂದರು.

"ನಿಮ್ಮ ಅಂಗಳ ಇಗರ್ಜಿಯ ನೆಲದ ಹಾಗೆ ಹೊಳೀತದೆ ಬಾಯಮ್ಮ. ನೀರೆಲ್ಲ ನಮ್ಮಲ್ಲಿಗೆ, ಕರೀದೇ ಬಂದ ನೆಂಟರ ಹಾಗೆ!"

ನಾನು ನಕ್ಕೆ. ಅವರು ನಗಲಿಲ್ಲ.

"ಬೀಡಿ ಎಲೆಗೆ ಥಂಡಿ ಹಿಡಿದಿದೆ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಕಟ್ಟು ವಾಪಸು ಹಾಕಿದ್ರು. ಗೋಡೆಯ ಬುಡವೂ ಮೆತ್ತಗಾಗ್ತಾ ಉಂಟು. ಸ್ವಲ್ಪ ನೋಡಿ ಆಯ್ತಾ?"

"ಮಳೆ ಮುಗಿಯಲಿ, ನೋಡುವ."

ಎಷ್ಟೋ ಮಳೆಗಾಲ ಹೀಗೇ 'ನೋಡುವ' ಎಂದೆ. ಅವರು ಗೋಡೆಯ ಬುಡಕ್ಕೆ ಮರಳಿನ ಚೀಲ ಇಟ್ಟುಕೊಂಡರು. ಬೀಡಿಯ ಮೊರ ಮಂಚದ ಮೇಲೇರಿತು. ಆಮೇಲೆ ಕೇಳುವುದನ್ನೇ ಬಿಟ್ಟರು. ಬಿಟ್ಟದ್ದು ನನಗೆ ಸಮಾಧಾನವಾಯಿತು ಎನ್ನುವುದನ್ನು ಕನ್ಫೆಷನ್ನಿನಲ್ಲೂ ಹೇಳಿಲ್ಲ.

ಎರಡು ಸಾವಿರ ದಾಟಿದ ಮೇಲಿನ ಒಂದು ಜುಲೈ. ಭಾನುವಾರದ ಪೂಜೆ ಮುಗಿಸಿ ಬರುವಾಗ ಆ ಗೋಡೆ ಕುಸಿದು ಹಂಚಿನ ಮಾಡು ನೆಲಕ್ಕೆ ಬಿದ್ದಿತ್ತು. ಅಕ್ಕ ಬಾವಿಕಟ್ಟೆಯಲ್ಲಿದ್ದ ಕಾರಣ ಉಳಿದರು. ಸಿಕ್ಕಿದ್ದನ್ನು ಒಂದು ಗೋಣಿಗೆ ತುಂಬಿ ಕನ್ಯಾನದ ತಂಗಿಯ ಮನೆಗೆ ಹೊರಟರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲಿನ ಪ್ರತಿ ಮಳೆಯಲ್ಲೂ ಕಾಂಕ್ರೀಟಿನ ಮೇಲೆ ಹರಿಯುವ ನೀರು ಯಾರೋ ಗೋಣಿ ಎಳೆದುಕೊಂಡು ಹೋದ ಹಾಗೆ ಕೇಳಿಸುತ್ತಿತ್ತು. ಕಿಟಕಿ ಮುಚ್ಚಿದರೂ ಕೇಳಿಸುತ್ತಿತ್ತು. ಕೊನೆಗೆ ಒಂದು ಬೇಸಗೆ ಪಿಕ್ಕಾಸು ಹಿಡಿದ ಇಬ್ಬರನ್ನು ಕರೆಸಿ, ನಡೆಯುವ ದಾರಿಯಷ್ಟು ಬಿಟ್ಟು ಎಲ್ಲ ಒಡೆಸಿದೆ. ಗೇಟಿನ ಬಳಿ ಇಂಗುಗುಂಡಿ ತೋಡಿಸಿದೆ. ಅಡಿಯ ಮಣ್ಣು, ಬ್ಯಾಂಡೇಜ್ ಬಿಚ್ಚಿದ ಚರ್ಮದಂತೆ ಬಿಳಿಚಿಕೊಂಡಿತ್ತು.

ಮಳೆ ಹಿಡಿದ ಮೇಲೆ ಅಕ್ಕನಿಗೆ ಹೇಳಿ ಕಳುಹಿಸಿದೆ. ಬಂದರು. ಹೆಬ್ಬೆರಳಿನಿಂದ ಮಣ್ಣು ಒತ್ತಿ ನೋಡಿದರು.

"ಈಗ ಕುಡೀತಾ ಉಂಟು."

"ಇನ್ನು ನೀರು ಕೆಳಗೆ ಬರುದಿಲ್ಲ ಅಕ್ಕ. ವಾಪಸು ಬನ್ನಿ. ಗೋಡೆ ನಾನು ಕಟ್ಟಿಸಿ ಕೊಡ್ತೇನೆ, ಪ್ರಾಮಿಸ್."

"ಇನ್ನು ಆಗುದಿಲ್ಲ ಬಾಯಮ್ಮ. ಮಳೆ ಬಂದ್ರೆ ತಂಗಿಯ ಮನೆಯಲ್ಲೂ ಗೋಡೆ ಮುಟ್ಟಿ ಮುಟ್ಟಿ ನೋಡ್ತೇನೆ. ಅವಳು ನಗಾಡ್ತಾಳೆ."

ಚಹಾ ಬೇಡವೆಂದರು. ಒಮ್ಮೆ ನೋಡಿ ಬರುತ್ತೇನೆಂದು ಕೆಳಗಿಳಿದರು. ನಾನು ಗೇಟಿನಲ್ಲೇ ನಿಂತೆ. ಅಲ್ಲಿ ಅಡಿಪಾಯದ ನಾಲ್ಕು ಕಲ್ಲು, ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಅಕ್ಕ ಬಾಗಿಲಿದ್ದ ಜಾಗಕ್ಕೆ ಬಂದರು. ಹೊಸ್ತಿಲು ದಾಟುವಾಗ ಹಣೆ ತಾಗದ ಹಾಗೆ ತಲೆ ತಗ್ಗಿಸಿ, ಒಳಗೆ ಹೋದರು.