ಲಕ್ಷ್ಮಕ್ಕನ ಮನೆಯ ತುತ್ತು

ಇವತ್ತು ನಲ್ಲಿ ನೀರು ಹಿಡಿದಿಟ್ಟೆ. ಪವಿತ್ರಳಿಗೆ ಎರಡು ಜಡೆ ಹಾಕಿ ಶಾಲೆಗೆ ಕಳಿಸಿದೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ರವಿಕೆಗಳಿಗೆ ತೋಳು ಹಚ್ಚಿದೆ. ಹುರುಳಿ ಸಾರು ಕಾಯಿಸಿದೆ. ಸಂಜೆ ತಟ್ಟೆ ಇಟ್ಟರೆ ಹುಡುಗಿ ‘ವದ್ದು’ ಎಂದು ಪಕ್ಕಕ್ಕೆ ತಳ್ಳಿದಳು. ಪಾವಗಡದ ಈ ಬೀದಿಯಲ್ಲಿ ಬೇಡ ಅನ್ನುವುದು ಹಾಗೆ. ನಾನಿಲ್ಲಿ ಕಲಿತ ಮೊದಲ ತೆಲುಗು ಮಾತು ಅದೇ, ಕಲಿಸಿದವಳು ಇವಳೇ, ನನ್ನ ತಂಗಿಯ ಮಗಳು.

ತಂಗಿ ತೀರಿಕೊಂಡಾಗ ಮಗುವನ್ನು ನಮ್ಮ ಚನ್ನರಾಯನದುರ್ಗಕ್ಕೆ ಕರೆದೊಯ್ಯುವ ಮನಸ್ಸಿತ್ತು. ಅದರ ಅಪ್ಪ ಮೊದಲೇ ಇರಲಿಲ್ಲ. ವಿಚಾರಿಸಲು ಬಂದ ಮಕ್ಕಳ ಇಲಾಖೆಯ ಮೇಡಂ, “ಅಮ್ಮನೂ ಹೋದ್ರು. ಈ ಬೀದಿ, ಗೊತ್ತಿರೋ ಮುಖಗಳೂ ಹೋದ್ರೆ ಅದಕ್ಕೇನಮ್ಮ ಉಳಿಯುತ್ತೆ? ನೀವೇ ಇಲ್ಲಿಗೆ ಬಂದು ಇರಿ” ಎಂದರು. ನನಗೆ ಹಿಂದೆ ಮುಂದೆ ಯಾರೂ ಇಲ್ಲ. ಯಂತ್ರ ಹೊತ್ತು ಬಂದುಬಿಟ್ಟೆ.

ನಮ್ಮಲ್ಲಿ ಬಾಗಿಲು ತೆರೆದರೆ ಬೆಟ್ಟದ ನೆರಳು. ಇಲ್ಲಿ ಬಿಸಿಲು ಹೊಸ್ತಿಲು ದಾಟಿ ಒಳಗೇ ಬಂದು ಕೂರುತ್ತದೆ. ನಮ್ಮ ಮುದ್ದೆ ಬರೀ ರಾಗಿಯದು. ಇವರ ಸಂಗಟಿಯಲ್ಲಿ ಅನ್ನವೂ ಸೇರಿರುತ್ತದೆ. ಅದಕ್ಕೆಲ್ಲ ಒಗ್ಗಿಕೊಂಡೆ. ತರಕಾರಿಯವಳ ಹತ್ತಿರ ತೆಲುಗಿನಲ್ಲೇ ಚೌಕಾಸಿ ಮಾಡಿ ಗೆದ್ದದ್ದೂ ಉಂಟು. ಎಡವಿದ್ದು ಊಟದ ಹೊತ್ತಿನಲ್ಲಿ.

ಪಕ್ಕದ ಮನೆಯ ಲಕ್ಷ್ಮಕ್ಕ ನಮ್ಮ ನೆಂಟರಲ್ಲ. ಆದರೆ ತಂಗಿ ಆಸ್ಪತ್ರೆಯಲ್ಲಿದ್ದಷ್ಟು ದಿನ ಪವಿ ಉಂಡದ್ದು, ಮಲಗಿದ್ದು ಅವರಲ್ಲೇ. ಸಂಜೆಯಾದರೆ ಈ ಬೀದಿಯ ಹೆಂಗಸರು ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾರೆ. ಕೈಗೆ ಸಿಕ್ಕ ಮಗುವಿನ ಬಾಯಿಗೆ ತುತ್ತಿಡುತ್ತಾರೆ. ನಮ್ಮ ಕಡೆ ಉಣ್ಣುವ ಹೊತ್ತಿಗೆ ಮಗು ಪರರ ಹೊಸ್ತಿಲಲ್ಲಿದ್ದರೆ ಸಾಕಿದವರಿಗೇ ಅವಮಾನ. ಹಾಗೆಂದೇ ದಿನಾ ಕೂಗುತ್ತಿದ್ದೆ: “ಲೇ ಪವಿ, ಬಾರೇ ಇತ್ಲಾಗೆ! ಮನೇಲಿ ಹಿಟ್ಟಿಲ್ವಾ?” ಒಂದು ದಿನ ಲಕ್ಷ್ಮಕ್ಕ ಬಾಯಿಗಿಟ್ಟ ತುತ್ತನ್ನೂ ಉಗುಳಿಸಿದೆ.

ಲಕ್ಷ್ಮಕ್ಕ ಎದ್ದು ನಿಂತರು. “ಏಮಮ್ಮಾ, ನಾನೇನ್ ಇಸ ಇಕ್ತೀನಾ?” ಅಂದಿನಿಂದ ಊಟದ ಹೊತ್ತಿಗೆ ಅವರ ಬಾಗಿಲು ಮುಚ್ಚಿರುತ್ತಿತ್ತು. ಪವಿ ಸೊರಗುತ್ತ ಹೋದಳು. ಅವಳಿಗೆ ಉಳಿದಿದ್ದ ಒಂದೇ ಗೊತ್ತಿರುವ ಮುಖವನ್ನೂ ನಾನೇ ಕಿತ್ತುಕೊಂಡಿದ್ದೆ.

ಇವತ್ತು ಅವಳು ತಟ್ಟೆ ತಳ್ಳಿದಾಗ ನಾನು ಖಾಲಿ ಬಟ್ಟಲು ಹಿಡಿದು, ಅವಳನ್ನೂ ಕರೆದುಕೊಂಡು ಹೋಗಿ ಆ ಬಾಗಿಲು ತಟ್ಟಿದೆ. “ಅಕ್ಕ, ಒಂಚೂರು ಚಟ್ನಿ ಇದ್ರೆ ಕೊಡಿ.”

ಲಕ್ಷ್ಮಕ್ಕ ಬಟ್ಟಲನ್ನೂ ನನ್ನನ್ನೂ ನೋಡಿದರು. “ನಿಮ್ ದುರ್ಗದಾಗೆ ಚಟ್ನಿ ಅರೆಯೋಕ್ ಕಲ್ಲಿಲ್ವೇನಮ್ಮ? ಅಷ್ಟು ದೊಡ್ಡ ಬೆಟ್ಟ ಇಟ್ಕೊಂಡಿದೀರಾ!”

“ಕಲ್ಲೈತೆ ಕಣಕ್ಕ, ಕೈಗೆ ರುಚಿಯಿಲ್ಲ.”

ನಗಲಿಲ್ಲ ಅವರು. ಆದರೆ ಬಾಗಿಲು ಪೂರ್ತಿ ತೆರೆದು ಮೆಟ್ಟಿಲ ಮೇಲೆ ಕೂತರು. ಸಂಗಟಿ ಮುರಿದು, ಕಡಲೆಕಾಯಿ ಚಟ್ನಿಯಲ್ಲಿ ಅದ್ದಿ, ಪವಿಯ ಬಾಯಿಯ ಹತ್ತಿರ ಹಿಡಿದರು.

ಮೊದಲಾಗಿದ್ದರೆ ಹುಡುಗಿ ಹಕ್ಕಿಮರಿಯಂತೆ ಬಾಯಿ ತೆರೆಯುತ್ತಿದ್ದಳು. ಈಗ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: “ತಿನ್ಲಾ, ದೊಡ್ಡಮ್ಮ?”

ಲಕ್ಷ್ಮಕ್ಕನ ಕೈ ಹಾಗೇ ನಿಂತಿತು. “ತಿನ್ನು ಕಂದ” ಎಂದೆ. ತಿಂದಳು. ಮುಂದಿನ ತುತ್ತಿಗೂ ನನ್ನ ಮುಖ ನೋಡಿದಳು. ನಮ್ಮೂರಿನಿಂದ ಅವಳಿಗೆ ನಾನು ತಂದುಕೊಟ್ಟದ್ದು ಈ ಅಳುಕು ಒಂದೇ ಏನೋ.

ಮೂವರೂ ಸಂಗಟಿ, ಚಟ್ನಿ ಉಂಡೆವು. ನಾನು ಮನೆಯಿಂದ ತಂದ ಹುರುಳಿ ಸಾರನ್ನು ಲಕ್ಷ್ಮಕ್ಕ ಎರಡು ಸಲ ಬಡಿಸಿಕೊಂಡರು. ಮೊದಲು ನಿದ್ದೆ ಹೋದವಳು ಪವಿ, ಅವರ ತೊಡೆಯ ಮೇಲೆ. ಎತ್ತಿಕೊಂಡು ಬರಬೇಕೋ, ಅಲ್ಲೇ ಬಿಡಬೇಕೋ ತಿಳಿಯದೆ ನಾನು ಮೆಟ್ಟಿಲ ಮೇಲೇ ಕೂತಿದ್ದೆ.