ಸೀಟಿನ ಕೆಳಗಿನ ಫಾರಿನ್ ಚೀಲ

ಇದನ್ನು ಬರೆಯುವುದರಿಂದ ತಪ್ಪಿಸಿಕೊಳ್ಳಲು ಕೆಲವು ವಾರಗಳಿಂದ ನಾನು ಈ ಅಂಕಣದಲ್ಲಿ ಏನೇನು ಬರೆದೆ ಎಂಬುದಕ್ಕೆ ನೀವೇ ಸಾಕ್ಷಿ. ಮುಂಬೈಯ ನಮ್ಮ ಹೌಸಿಂಗ್ ಸೊಸೈಟಿಯ ಲಿಫ್ಟ್ ಬಗ್ಗೆ ಬರೆದೆ. ಪಾರಿವಾಳಗಳ ಬಗ್ಗೆ ಬರೆದೆ. ಅದೂ ಸಾಲದೆ ಪಾರಿವಾಳಗಳ ಬಗ್ಗೆ ಇನ್ನೊಮ್ಮೆ ಬರೆದೆ. (ಪಾರಿವಾಳ ಸಾಕು ಎಂದು ಸಂಪಾದಕರೇ ಫೋನ್ ಮಾಡಿದರು.) ಇನ್ನು ಚೀಲದ ವಿಷಯ ಹೇಳಲೇಬೇಕು.

ಚೀಲ ಎಂದರೆ ದೊಡ್ಡದೇನಲ್ಲ. ಎರಡು ಮುಷ್ಟಿ ಸೇರಿಸಿದಷ್ಟು. ಸೈಕಲ್ ಸೀಟಿನ ಕೆಳಗೆ ಕಟ್ಟುವಂಥದ್ದು.

ನಾನು ಸೈಕಲ್ ಹೊಡೆಯುತ್ತೇನೆ ಎಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಹಾಲಿನವರ ಸೈಕಲ್ ಅಲ್ಲ, ರೋಡ್ ಬೈಕ್. ಹ್ಯಾಂಡಲ್ ಟಗರಿನ ಕೋಡಿನ ಹಾಗೆ ಕೆಳಕ್ಕೆ ಬಾಗಿರುತ್ತದೆ, ಟೈರು ಹೆಬ್ಬೆರಳಿನಷ್ಟು ದಪ್ಪ. ನಮ್ಮ ಬಿಲ್ಡಿಂಗ್‌ನ ಹುಡುಗನೊಬ್ಬ ಮದುವೆಯಾದ ಮೇಲೆ ಮಾರಿದ, ನಾನು ನಿವೃತ್ತನಾದ ಮೇಲೆ ಕೊಂಡೆ. "ಈ ವಯಸ್ಸಿನ್ಯಾಗ ಅಷ್ಟ್ ಬಗ್ಗಿ ರಸ್ತೇದಾಗ ಏನ್ ಹುಡುಕತೀರಿ?" ಎಂದು ಹೆಂಡತಿ ಕೇಳಿದಳು. ಇನ್ನೂ ಹುಡುಕುತ್ತಲೇ ಇದ್ದೇನೆ.

ಭಾನುವಾರ ಬೆಳಿಗ್ಗೆ ನಮ್ಮದೊಂದು ಗ್ರೂಪ್ ಹೊರಡುತ್ತದೆ. ಐರೋಲಿ ಸೇತುವೆ ದಾಟಿ ಹೋಗುವುದು, ತಿರುಗಿ ಬಂದು ಮುಲುಂಡ್ ಸ್ಟೇಷನ್ ಹತ್ತಿರ ಚಹಾ ಕುಡಿಯುವುದು. ಗ್ರೂಪ್‌ಗೆ ಒಂದೇ ನಿಯಮ: ಪಂಕ್ಚರ್ ಸಾಮಾನು ಅವರವರೇ ತರಬೇಕು. ಒಂದು ಟ್ಯೂಬ್, ಟೈರು ಎಬ್ಬಿಸಲು ಎರಡು ಪ್ಲಾಸ್ಟಿಕ್ ಪಟ್ಟಿ, ನಟ್ಟು ಬಿಚ್ಚಲು ಒಂದು ಸಣ್ಣ ಪಾನಾ. ಇದಕ್ಕೊಂದು ಚೀಲ ಬೇಕು. ಇಷ್ಟಕ್ಕೆ ಮನುಷ್ಯ ಎಷ್ಟು ಯೋಚಿಸಬಹುದು? ಮಗಳಿಗೆ ಗಂಡು ನೋಡುವಾಗಲೂ ನಾನು ಇಷ್ಟು ಯೋಚಿಸಿರಲಿಲ್ಲ.

ಮೊದಲನೆಯದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ದೊಡ್ಡದು. ಟ್ಯೂಬ್ ಜೊತೆ ರೇನ್‌ಕೋಟೂ ಹಿಡಿಸುತ್ತದೆ ಎಂದು ಖುಷಿಪಟ್ಟೆ. ಪೆಡಲ್ ತುಳಿದಾಗಲೆಲ್ಲ ಅದು ತೊಡೆಗೆ ಉಜ್ಜಿ, ಐರೋಲಿ ತಲುಪುವಷ್ಟರಲ್ಲಿ ಚಡ್ಡಿ ಹರಿಯಿತು. ಎರಡನೆಯದು ಸಣ್ಣದು, ಬಹಳ ಚಂದ. ಟ್ಯೂಬ್ ಒಳಗೆ ಹೋಗಲಿಲ್ಲ. (ಶೇಂಗಾ ಚಿಕ್ಕಿ ಹೋಗುತ್ತಿತ್ತು. ಪಂಕ್ಚರ್ ಆದಾಗ ಚಿಕ್ಕಿ ತಿನ್ನುತ್ತಾ ನಿಲ್ಲಬಹುದು.) ಕೊನೆಗೆ ಹೆಂಡತಿಯ ಹಳೆಯ ಟಿಫಿನ್ ಚೀಲವನ್ನೇ ದಾರದಿಂದ ಕಟ್ಟಿದೆ.

ಅವತ್ತು ಹಿಂದಿನಿಂದ ಸಾವಂತ್ ಕೂಗಿದರು. ಇವರು ಚಾರ್ಟರ್ಡ್ ಅಕೌಂಟೆಂಟ್, ಗ್ರೂಪ್‌ನ ಮುಖಂಡರು. "ಕಾಕಾ, ಡಬ್ಬಾ ಕಿಧರ್ ಕಾ ಹೈ? ಚರ್ಚ್‌ಗೇಟ್ ಕಿ ನರಿಮನ್ ಪಾಯಿಂಟ್?"

ಆಫೀಸುಗಳಿಗೆ ಊಟ ಹೊರುವ ಡಬ್ಬಾವಾಲಾ ಆಗಿಬಿಟ್ಟೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಬಹಳ ದಿನ ಹೊಟ್ಟೆಯಲ್ಲಿ ಜೀರ್ಣವಾಗದೆ ಕುಳಿತಿತ್ತು.

ಆಗ ನೆನಪಾದವರು ಬೈಕುಲ್ಲಾದ ಭಾಯಿ. ವಿಜಯಪುರದ ಕಡೆಯವರು. ನಾನು ವಡಾಲದ ಗೋದಾಮಿನಲ್ಲಿ ಗುಮಾಸ್ತನಾಗಿದ್ದಾಗ ನಮಗೆ ಕ್ಯಾನ್ವಾಸ್ ಚೀಲಗಳನ್ನು ಹೊಲಿದುಕೊಡುತ್ತಿದ್ದರು. ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವರು. ಈ ಅಂಕಣ ಬಂದ ದಿನ ಮೊದಲು ಫೋನ್ ಮಾಡುತ್ತಿದ್ದವರೂ ಅವರೇ. "ಚಲೋ ಐತ್ರಿ ಅಣ್ಣಾರ, ಸ್ವಲ್ಪ ಉದ್ದ ಆತು" ಎನ್ನುತ್ತಿದ್ದರು. ಉದ್ದವಾಗಿಯೇ ಇರುತ್ತಿತ್ತು.

ಅವರದೊಂದು ಗಾಲಾ ಇತ್ತು, ಅಂದರೆ ಹೊಲಿಗೆ ಯಂತ್ರ ಹಿಡಿಸುವಷ್ಟು ಬಾಡಿಗೆ ಕೋಣೆ. ನಾನು ಹೋದಾಗ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು.

"ಶಾಲಿ ಹುಡುಗರ ಚೀಲ ಈಗ ಯಾರ್ ಹೊಲಸತಾರ್ರಿ ಅಣ್ಣಾರ? ಎಲ್ಲಾ ರೆಡಿಮೇಡ್" ಎಂದರು. "ಒಂದ್ ಹೊಸಾ ಐಟಂ ಕೈಗೆ ಹತ್ತಿದ್ರ ಗಾಲಾ ಉಳೀತೈತಿ. ಇಲ್ಲಾಂದ್ರ ಇದನ್ನ ಬಿಟ್ಟು ಮಂದಿ ಕಾರಖಾನ್ಯಾಗ ಹೋಗಿ ಕೂಡೂದ."

ನಾನು ಸೀಟಿನ ಚೀಲದ ವಿಷಯ ತೆಗೆದೆ. ಭಾಯಿ ನೆಟ್ಟಗೆ ಕುಳಿತರು. "ನಿಮ್ಮ ಗ್ರೂಪಿನ್ಯಾಗ ಎಷ್ಟ್ ಮಂದಿ ಅದಾರ್ರಿ?"

"ಬೇಕಾದಷ್ಟ್ ಅದಾರ. ನೀವು ಒಂದ್ ಚಂದಂಗ ಹೊಲೀರಿ. ನಮ್ಮ ಭಾಯಿ ಹೊಲದದ್ದು ಅಂತ ಎಲ್ಲಾರಿಗೂ ನಾನ ಹೇಳತೀನಿ."

"ಖರೇನ?"

"ಅಯ್ಯ, ಇಷ್ಟ್ ಹೇಳಾಕ ನನಗೇನ್ ಬಾಯಿ ಇಲ್ಲೇನ್ರಿ?"

(ಬಾಯಿ ಇತ್ತು. ಅದೇ ಮುಂದೆ ತೊಂದರೆಯಾಯಿತು.)

ಭಾಯಿಯ ಮೊದಲ ಚೀಲವೂ ತೊಡೆಗೆ ತಾಗಿತು. ಅವರು ಸೈಕಲ್ಲನ್ನು ಓಣಿಯಲ್ಲಿ ಗೋಡೆಗೆ ಒರಗಿಸಿ, ನನ್ನನ್ನು ಮೇಲೆ ಕೂರಿಸಿ, ಪೆಡಲ್ ಹಿಂದಕ್ಕೆ ತುಳಿಯಲು ಹೇಳಿದರು. ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತು ನನ್ನ ತೊಡೆಯನ್ನೇ ನೋಡಿದರು. ಓಣಿಯ ಮಂದಿಯೂ ಬಂದು ನೋಡಿದರು. "ಚಾಚಾ ಕಹಾಂ ಜಾ ರಹೇ ಹೈ?" ಎಂದು ಒಬ್ಬ ಕೇಳಿದ. "ಪೀಛೇ" ಎಂದರು ಭಾಯಿ, ತಲೆ ಎತ್ತದೆ.

ಮುಂದಿನ ಸಲ ಹೋದಾಗ ಬೇರೆಯದು ಸಿದ್ಧವಾಗಿತ್ತು. ಕಪ್ಪು ಕ್ಯಾನ್ವಾಸ್. ಮುಂದೆ ಸಪೂರ, ಹಿಂದೆ ಅಗಲ. ಸೀಟಿನ ಕೆಳಗಿನ ಕಂಬಿಗಳಿಗೆ ಎರಡು ಪಟ್ಟಿ, ಸೀಟಿನ ರಾಡ್‌ಗೆ ಒಂದು ಪಟ್ಟಿ. ಅಲ್ಲಾಡಲಿಲ್ಲ, ಉಜ್ಜಲಿಲ್ಲ. ಟ್ಯೂಬ್ ಒಳಗೆ ಹೋಯಿತು, ಚಿಕ್ಕಿಯೂ ಹೋಯಿತು.

"ಇನ್ನ ನಾಕ್ ಸ್ಯಾಂಪಲ್ ಹೊಲೀತೀನಿ" ಎಂದರು. ಭಾನುವಾರ ಹತ್ತು ಗಂಟೆಗೆ ಮುಲುಂಡ್‌ಗೆ ಬನ್ನಿ, ಚಹಾದ ಹೊತ್ತಿಗೆ ಎಲ್ಲರಿಗೂ ಪರಿಚಯಿಸುತ್ತೇನೆ ಎಂದೆ.

ಆ ಭಾನುವಾರ ಗ್ರೂಪ್ ಬೇಗ ಮರಳಿತು. ಚಹಾ ಬಂತು. ಸಾವಂತ್ ನನ್ನ ಸೈಕಲ್ ಹತ್ತಿರ ಬಗ್ಗಿದರು. ಚೀಲವನ್ನು ಹಿಡಿದು ಅಲ್ಲಾಡಿಸಿದರು. ಜಿಪ್ ಎಳೆದು ನೋಡಿದರು.

"ಕಾಕಾ! ಕ್ಯಾ ಚೀಜ್ ಹೈ! ಕೌನ್‌ಸಾ ಬ್ರ್ಯಾಂಡ್?"

ಎಲ್ಲರೂ ತಿರುಗಿ ನೋಡಿದರು. ಟಿಫಿನ್ ಚೀಲಕ್ಕೆ ನಕ್ಕಿದ್ದವರೇ. ಈಗ ಯಾರೂ ನಗುತ್ತಿರಲಿಲ್ಲ.

"ಇಂಪೋರ್ಟೆಡ್" ಎಂದೆ. "ತಂಗಿಯ ಮಗ ಜರ್ಮನಿಯಿಂದ ತಂದ."

ನನ್ನ ತಂಗಿಯ ಮಗ ಇರುವುದು ಇಲ್ಲೇ ಡೊಂಬಿವಲಿಯಲ್ಲಿ.

"ಸೀ, ಜರ್ಮನ್ ಫಿನಿಶಿಂಗ್!" ಎಂದು ಸಾವಂತ್ ಎಲ್ಲರಿಗೂ ತೋರಿಸಿದರು. "ಮೇರೇ ಲಿಯೇ ಭೀ ಮಂಗಾವೋ." ನನಗೂ, ನನಗೂ ಎಂದು ಇನ್ನೂ ಕೆಲವರು ಕೈ ಎತ್ತಿದರು. ನಾನು ಹೆಮ್ಮೆಯಿಂದ ಚಹಾ ಗ್ಲಾಸ್ ಎತ್ತಿದೆ. ಎತ್ತಿದಾಗ ಎದುರಿಗೆ ಭಾಯಿ ಕಂಡರು.

ಆ ದಿನ ಸೆಂಟ್ರಲ್ ಲೈನ್‌ನಲ್ಲಿ ಮೆಗಾಬ್ಲಾಕ್. ಭಾನುವಾರ ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುತ್ತಾರಲ್ಲ, ಅದು. ಎಲ್ಲಿ ತಡವಾಗುತ್ತದೋ ಎಂದು ಭಾಯಿ ಮೊದಲೇ ಹೊರಟು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಸ್ಯಾಂಪಲ್. ಎಷ್ಟು ಹೊತ್ತಿನಿಂದ ನಿಂತಿದ್ದರು? ಮುಖ ನೋಡಿದರೆ ಕೇಳುವ ಅಗತ್ಯವಿರಲಿಲ್ಲ.

ಆಗಲೂ ಕೆಟ್ಟಿರಲಿಲ್ಲ. "ತಮಾಷೆ ಮಾಡಿದೆ, ಹೊಲಿದವರು ಇವರೇ" ಎಂದಿದ್ದರೆ ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದರು. ಭಾಯಿಗೆ ಆರ್ಡರ್ ಅಲ್ಲೇ ಸಿಕ್ಕಿಬಿಡುತ್ತಿತ್ತು. ಅಷ್ಟು ನಗು ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ.

"ಯೇ ಕೌನ್?" ಎಂದರು ಸಾವಂತ್.

"ನಮ್ಮ ಊರಿನ ಕಡೆಯವರು" ಎಂದೆ.

"ಆವೋ ಚಾಚಾ, ದೇಖೋ. ಜರ್ಮನಿ ಕಾ ಮಾಲ್."

ಭಾಯಿ ಬಗ್ಗಿದರು. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. "ಅಚ್ಛಾ ಹೈ ಸಾಬ್" ಎಂದರು. "ಬಾಹರ್ ಕಾ ಮಾಲ್ ಬಾಹರ್ ಕಾಚ್ ರಹತಾ." ಹೊರಗಿನ ಮಾಲು ಹೊರಗಿನದೇ, ಅಂತ.

ಪ್ಲಾಸ್ಟಿಕ್ ಚೀಲವನ್ನು ಬೆನ್ನ ಹಿಂದೆ ಹಿಡಿದಿದ್ದರು. ನನ್ನ ಮರ್ಯಾದೆ ಉಳಿಸಲು ತಮ್ಮ ಸರಕನ್ನು ಮುಚ್ಚಿಕೊಂಡಿದ್ದರು.

"ಚಹಾ ಕುಡೀರಿ ಭಾಯಿ" ಎಂದೆ. ಅಷ್ಟೇ ಹೊಳೆಯಿತು.

"ಕುಡದ ಬಂದೀನ್ರಿ. ಗಾಡಿ ಬಂದ್ ಆಗತಾವ, ಹೊಂಟೆ."

ನಮ್ಮ ಮುಂಬೈಯಲ್ಲಿ ವಸ್ತು ಎಲ್ಲಿಂದ ಬಂತು ಎಂದು ಕೇಳುತ್ತಾರೆ, ಯಾರ ಕೈಯಿಂದ ಬಂತು ಎಂದು ಯಾರು ಕೇಳುತ್ತಾರೆ? ಹೀಗೊಂದು ದೊಡ್ಡ ಮಾತನ್ನು ಇಲ್ಲಿ ಬರೆದು ನಾನು ಪಾರಾಗಬಹುದು. ಆದರೆ ಸುಳ್ಳು ಹೇಳಿದ್ದು ಮುಂಬೈ ಅಲ್ಲ.

ಸಾವಂತ್ ಬಿಡಲಿಲ್ಲ. ಜರ್ಮನಿ ಚೀಲ ಯಾವಾಗ ಬರುತ್ತದೆ ಎಂದು ಪ್ರತಿ ಭಾನುವಾರ ಕೇಳಿದರು. ಆ ಕಂಪನಿ ಮುಚ್ಚಿತು ಎಂದು ಹೇಳಿ ಕೈತೊಳೆದುಕೊಂಡೆ. ಆಮೇಲೊಂದು ದಿನ ಧೈರ್ಯ ಮಾಡಿ ಬೈಕುಲ್ಲಾಕ್ಕೆ ಹೋದೆ. ಗಾಲಾದಲ್ಲಿ ಯಾರೋ ಮೊಬೈಲ್ ಕವರ್ ಮಾರುತ್ತಿದ್ದರು. ಭಾಯಿ ಗಾಲಾ ಬಿಟ್ಟರು, ಯಂತ್ರ ಮಾರಿದರು, ಭಿವಂಡಿ ಕಡೆ ಯಾರದೋ ಕಾರಖಾನೆಯಲ್ಲಿ ಕೂರುತ್ತಾರೆ ಎಂದು ಪಕ್ಕದವರು ಹೇಳಿದರು. ನಾನು ಹೇಳಿದ ಸುಳ್ಳುಗಳಲ್ಲಿ ಒಂದು ಹೀಗೆ ನಿಜವಾಯಿತು.

ಭಾಯಿಯ ನಂಬರ್ ನನ್ನ ಹತ್ತಿರ ಇದೆ. ಕಷ್ಟ ಇರುವುದೇ ಅಲ್ಲಿ. ಇಲ್ಲದಿದ್ದರೆ, ನಂಬರ್ ಇಲ್ಲ ಎನ್ನಬಹುದಿತ್ತು. ಅಂಕಣ ಬಂದ ದಿನ ಅವರ ಫೋನ್ ಈಗ ಬರುವುದಿಲ್ಲ. ಪಾರಿವಾಳಗಳ ಬಗ್ಗೆ ಎರಡನೆಯ ಸಲ ಬರೆದಾಗಲಾದರೂ ಬೈಯಲು ಫೋನ್ ಮಾಡಿಯಾರು ಎಂದುಕೊಂಡಿದ್ದೆ.

ಇಲ್ಲಿ ಬರೆಯುತ್ತಿರುವುದು ದೊಡ್ಡ ಧೈರ್ಯ ಎಂದು ನೀವು ತಿಳಿಯಬಾರದು. ನಮ್ಮ ಗ್ರೂಪ್‌ನಲ್ಲಿ ಕನ್ನಡ ಓದಲು ಬರುವವನು ನಾನೊಬ್ಬನೇ. ಮುಂದಿನ ಭಾನುವಾರ ಸಾವಂತ್‌ಗೆ ಹಿಂದಿಯಲ್ಲಿ ಹೇಳಬೇಕು. ಅದು ಇದಕ್ಕಿಂತ ಕಷ್ಟ. ಭಿವಂಡಿಗೆ ಹೋಗುವುದು ಅದಕ್ಕಿಂತಲೂ ಕಷ್ಟ.

ಇಷ್ಟು ಬರೆದು ಓದಿ ನೋಡಿದೆ. ಸಾವಂತ್ ಹೆಸರು ಎಷ್ಟೋ ಕಡೆ ಬಂದಿದೆ. ಇನ್ನೊಬ್ಬರನ್ನು ಭಾಯಿ, ಭಾಯಿ ಎಂದೇ ದಾಟಿಸಿಬಿಟ್ಟಿದ್ದೇನೆ.

ಆ ಚೀಲವನ್ನು ಹೊಲಿದವರು ದಸ್ತಗೀರ ನದಾಫ.