ಈಗಿನ ವಿಳಾಸ

ಹುಬ್ಬಳ್ಳಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ, ಹೊಸ ಪೇಶಂಟ್‌ಗಳ ಹೆಸರು ಬರೆದುಕೊಳ್ಳುವ ಕೌಂಟರಿನಲ್ಲಿ, ನಾನು ಹದಿನೈದು ವರ್ಷ ಕೂತವಳು. ಹೆಸರೇನು, ವಯಸ್ಸೆಷ್ಟು, ಗಂಡನ ಹೆಸರೇನು, ಯಾವೂರು, ಫೋನ್ ನಂಬರ್ ಹೇಳ್ರಿ. ನಿದ್ದೆಯಲ್ಲಿ ಎಬ್ಬಿಸಿದರೂ ಇದೇ ಕ್ರಮದಲ್ಲಿ ಕೇಳಿಯೇನು. ಅಂಥವಳನ್ನು ಬೆಂಗಳೂರಿಗೆ ಬಂದ ಮೇಲೆ ಆಸ್ಪತ್ರೆ ಸಾಫ್ಟ್‌ವೇರ್ ಕಂಪನಿಯವನೊಬ್ಬ ಫೋನಿನಲ್ಲಿ ಕೇಳಿದ: "ಮೇಡಂ, ನಿಮಗೆ ಐಟಿ ಎಕ್ಸ್‌ಪೀರಿಯನ್ಸ್ ಇದೆಯಾ?" ನನಗೆ ಪಿತ್ತ ನೆತ್ತಿಗೇರಿತು.

"ನೀವು ಮಾಡಿದ ಸಾಫ್ಟ್‌ವೇರ್ ಕೈಕೊಟ್ಟಾಗೆಲ್ಲ ಮಂದಿ ಕಡಿಂದ ಬೈಸಿಕೊಂಡಾಕಿ ನಾನಪಾ. ಅದು ಎಕ್ಸ್‌ಪೀರಿಯನ್ಸ್ ಅಲ್ಲೇನು?" ಅಂದೆ.

"ತಿಳಿಸ್ತೀವಿ ಮೇಡಂ" ಅಂದ. ತಿಳಿಸಲಿಲ್ಲ.

ನಮ್ಮ ಮನೆಯವರಿಗೆ ಬೆಂಗಳೂರಿಗೆ ವರ್ಗವಾಗಿತ್ತು. ಬಿಟಿಎಂನಲ್ಲಿ ಮೊದಲ ಮಹಡಿಯ ಮನೆ ಹಿಡಿದೆವು, ಏಳನೇ ಇಯತ್ತೆಯ ಮಗಳನ್ನು ಇಲ್ಲೇ ಶಾಲೆಗೆ ಹಾಕಿದೆವು. ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು ಭಾಳ ಒಳ್ಳೆಯವರು. "ಒಂದು ತಿಂಗಳು ರಜಾ ತಗೋ. ಅಲ್ಲೇ ಕೆಲಸ ಸಿಕ್ರ ಛಲೋ ಆತು. ಇಲ್ಲಾಂದ್ರ ನಿನ್ನ ಕುರ್ಚಿ ಇಲ್ಲೇ ಇರ್ತೈತಿ. ತಿಂಗಳ ಮ್ಯಾಲೆ ಒಂದು ದಿನಾನೂ ಇಡಂಗಿಲ್ಲ ಮತ್ತ" ಅಂದಿದ್ದರು. ಮನೆಯಲ್ಲಿ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ, ಮನೆಯವರಿಗೂ ಗೊತ್ತು. ಅದಕ್ಕೇ ಒಂದು ಮಾತಾಗಿತ್ತು: ತಿಂಗಳೊಳಗೆ ಕೆಲಸ ಸಿಗದಿದ್ದರೆ ನಾನು ವಾಪಸ್ ಹುಬ್ಬಳ್ಳಿಗೆ, ಅಪ್ಪ ಮಗಳು ಇಲ್ಲಿ, ರಜೆ ಬಂದಾಗ ರೈಲು. ಮಾತಾಡುವಾಗ ಎಲ್ಲ ಸಲೀಸು ಅನ್ನಿಸಿತ್ತು.

ನಾಲ್ಕನೇ ವಾರದ ಗುರುವಾರ ಬಂದೇಬಿಟ್ಟಿತು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿ ಜಯನಗರದಲ್ಲಿರಲಿ, ಬನಶಂಕರಿಯಲ್ಲಿರಲಿ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಅರ್ಜಿ ಹಾಕಿದ್ದೆ. ಒಂದೆರಡು ಕಡೆಯಿಂದ ಫೋನ್, ಮಿಕ್ಕವರದು ಸದ್ದೇ ಇಲ್ಲ. ಆ ದಿನ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತ ಮಗಳು ಕೇಳಿದಳು: "ಅವ್ವಾ, ಸೋಮವಾರದಿಂದ ನನ್ನ ಜಡಿ ಯಾರು ಹಾಕ್ತಾರ? ಅಪ್ಪಗ ಬರಂಗಿಲ್ಲ."

"ನೀನ ಹಾಕ್ಕೊಳ್ಳೋದು ಕಲಿ. ಇನ್ನೇನು ಸಣ್ಣಾಕಿ ಅಲ್ಲ" ಅಂತ ಗದರಿದೆ. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಅತ್ತೆ.

ಕೆಳಗಿನ ಮನೆಯಲ್ಲಿ ಓನರ್ ಆಂಟಿ. ಅವರ ಮಗಳು ಏಳು ತಿಂಗಳ ಬಸುರಿ, ಮೈಸೂರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆಂಟಿಗೆ ಆ ದಿನ ಮಂಡಿನೋವು. "ಸ್ವಲ್ಪ ಇವಳ ಜೊತೆ ಆಸ್ಪತ್ರೆಗೆ ಹೋಗಿ ಬರ್ತೀಯೇನಮ್ಮಾ? ನಿಂಗೆ ಆಸ್ಪತ್ರೆ ಅಂದ್ರೆ ನೀರು ಕುಡಿದಷ್ಟು ಸುಲಭ" ಅಂದರು. ಆಟೋ ಹಿಡಿದು ಅರೆಕೆರೆ ಕಡೆಯ ಒಂದು ಆಸ್ಪತ್ರೆಗೆ ಹೋದೆವು.

ಕೌಂಟರಿನ ಹುಡುಗಿ ಹೆಸರು ಹಾಕಿ ಹುಡುಕಿದಳು, ಸಿಗಲಿಲ್ಲ. ಫೋನ್ ನಂಬರ್ ಹಾಕಿದಳು, ಸಿಗಲಿಲ್ಲ. "ಹೊಸ ಫೈಲ್ ಮಾಡ್ಬಿಡ್ತೀನಿ ಮೇಡಂ" ಅಂದಳು. ಆಂಟಿಯ ಮಗಳು ಹೂಂ ಅಂದುಬಿಟ್ಟಳು. ಆದರೆ ಮೂರನೇ ತಿಂಗಳಲ್ಲಿ ಹಬ್ಬಕ್ಕೆ ಬಂದಾಗ ಇವಳು ಅಮ್ಮನ ಜೊತೆ ಬಂದು ಇಲ್ಲೇ ತೋರಿಸಿದ್ದಳು, ಯಾವುದೋ ಮಾತ್ರೆಗೆ ಮೈಯೆಲ್ಲ ದದ್ದು ಎದ್ದಿತ್ತು ಅಂತ ಆಟೋದಲ್ಲಿ ತಾನೇ ಹೇಳಿದ್ದಳು. ಆ ಮಾತ್ರೆಯ ಹೆಸರು ಇರುವುದು ಹಳೆಯ ಫೈಲಿನಲ್ಲಿ! ನನ್ನ ಕೈ ತುರಿಸತೊಡಗಿತು.

"ತಡಿಯವ್ವಾ, ಹೊಸಾದು ತೆಗೀಬ್ಯಾಡ. ಅವತ್ತು ಇವರ ತಾಯಿ ಜೋಡಿ ಬಂದಿದ್ರು. ತಾಯಿ ನಂಬರ್ ಹಾಕಿ ನೋಡು" ಅಂದೆ. ಆಂಟಿಯ ನಂಬರ್ ಹಾಕಿದ್ದೇ ತಡ, ಫೈಲ್ ಎದುರಿಗೆ ಬಂತು. ಹೆಸರಿನ ಸ್ಪೆಲ್ಲಿಂಗ್ ಒಂದಕ್ಷರ ಬೇರೆ, ವಿಳಾಸ ಮೈಸೂರಿನದು, ನಂಬರ್ ಬಿಟಿಎಂ ಅಮ್ಮನದು, ಕೆಳಗೆ ಕೆಂಪಕ್ಷರದಲ್ಲಿ ಆ ಮಾತ್ರೆಯ ಹೆಸರು.

"ಸಖತ್ ಮೇಡಂ! ನೀವು ಎಲ್ಲಿ ಕೆಲಸ ಮಾಡ್ತೀರಾ?" ಅಂತ ಹುಡುಗಿ ಕಣ್ಣರಳಿಸಿದಳು.

ಎಲ್ಲಿ ಅನ್ನಲಿ? "ಕೆಲಸ ಹುಡುಕಾಕತ್ತೇನವ್ವಾ" ಅಂದೆ. ಆಗ ಅವಳು ಹೇಳಿದಳು, ಈ ಸಾಫ್ಟ್‌ವೇರಿನವರ ಆಫೀಸು ಜೆಪಿ ನಗರದಲ್ಲೇ ಇದೆ, ಆಸ್ಪತ್ರೆಗಳಿಗೆ ಹೋಗಿ ಕೌಂಟರಿನವರಿಗೆ ಕಲಿಸಿ, ಅವರ ತಕರಾರು ಕೇಳಿಕೊಂಡು ಬರೋದಕ್ಕೆ ಒಬ್ಬರು ಬೇಕಂತೆ. ತಕರಾರು ಕೇಳುವುದಕ್ಕೆ ಸಂಬಳ! ಹದಿನೈದು ವರ್ಷ ನಾನು ಬಿಟ್ಟಿಯಾಗಿ ಮಾಡಿದ್ದು ಅದನ್ನೇ ಅಲ್ಲವೇ? ಅವಳೇ ಫೋನ್ ಮಾಡಿ ಶುಕ್ರವಾರ ಮಧ್ಯಾಹ್ನಕ್ಕೆ ಸಮಯ ಕೇಳಿಕೊಟ್ಟಳು. ಅವಳ ಹೊಟ್ಟೆ ತಣ್ಣಗಿರಲಿ.

ಶುಕ್ರವಾರ ಇಳಕಲ್ ಸೀರೆ ಉಟ್ಟು ಹೊರಟೆ. ಮನೆಯವರು "ಮದವಿಗೆ ಹೊಂಟೀಯೇನು?" ಅಂತ ಕಾಡಿಸಿದರು. ಬಸ್ಸಿನಲ್ಲಿ ಕೂತರೂ ಕಾಲು ಕುಣಿಯುತ್ತಿತ್ತು. ಆಫೀಸು ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿ. ಒಳಗೆ ಇಬ್ಬರು ಕೂತಿದ್ದರು. ಒಬ್ಬಳು ಕತ್ತರಿಸಿದ ಕೂದಲಿನ ಚುರುಕು ಹುಡುಗಿ, ಇನ್ನೊಬ್ಬರು ಕನ್ನಡಕದ ಗಂಭೀರ ಮನುಷ್ಯ, ಅವರೇ ಮುಖ್ಯಸ್ಥರು. ಹುಡುಗಿ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು.

"ನಾನೇ ಪೇಶಂಟ್ ಅಂದ್ಕೊಳ್ಳಿ ಮೇಡಂ. ಏಳು ತಿಂಗಳ ಗರ್ಭಿಣಿ. ನನ್ನ ಹೆಸರು ಸೇರಿಸಿ, ನೋಡೋಣ."

ಕೈ ತಾನಾಗಿ ಓಡಿತು. ಹೆಸರು, ವಯಸ್ಸು, ಗಂಡನ ಹೆಸರು. ವಿಳಾಸದ ಜಾಗಕ್ಕೆ ಬಂದು ನಿಂತೆ. "ಚೊಚ್ಚಲೇನ್ರಿ?"

ಹುಡುಗಿ ನಕ್ಕು "ಹೂಂ ಅಂದ್ಕೊಳ್ಳಿ" ಅಂದಳು.

"ಹಂಗಾದ್ರ ಇಲ್ಲಿ ಯಾವುದು ಬರೀಲಿ? ಗಂಡನ ಮನಿದೋ, ತವರಮನಿದೋ?"

"ಯಾವುದಾದ್ರೂ ಒಂದು ಹಾಕಿ ಮೇಡಂ. ಒಂದೇ ಬಾಕ್ಸ್ ಇರೋದು."

ಯಾವುದಾದರೂ ಒಂದಂತೆ! ನನಗೆ ಎಲ್ಲಿತ್ತೋ ಸಿಟ್ಟು. "ಅಲ್ರೀ, ನಮ್ಮ ಕಡೆ ಹೆಣ್ಣಮಕ್ಕಳು ಮೊದಲನೇ ಹೆರಿಗಿಗೆ ತವರಿಗೆ ಬರ್ತಾರ. ಅರ್ಧ ಬಸುರು ಅಲ್ಲಿ, ಅರ್ಧ ಇಲ್ಲಿ. ಆಧಾರಿನಾಗ ಗಂಡನ ಮನಿ ಇರ್ತೈತಿ, ಆಕಿ ಮಲಗೋದು ಅವ್ವನ ಮನ್ಯಾಗ. ನೀವು ಒಂದ ಜಾಗ ಕೊಟ್ರ ಒಬ್ಬಾಕಿಗೆ ಎರಡು ಫೈಲ್ ಆಗ್ತಾವ. ಮಾತ್ರಿ ಒಗ್ಗಂಗಿಲ್ಲ ಅನ್ನೋದು ಒಂದರಾಗ, ಔಷಧ ಬರೆಯೋದು ಇನ್ನೊಂದರಾಗ. ಕೂಸಿಗೆ ಲಸಿಕೆ ಹಾಕಿಸ್ರಿ ಅನ್ನೋ ಮೆಸೇಜ್ ಮೈಸೂರಾಗ, ಕೂಸು ಬಿಟಿಎಂನಾಗ! ಈಗ ಎಲ್ಲಿ ಅದೀಯವ್ವಾ ಅಂತ ಕೇಳಬೇಕೋ ಬ್ಯಾಡೋ? ಇದನ್ನ ಮಾಡಿದವರು ಯಾರ್ರಿ? ಅವರ ಮನ್ಯಾಗ ಒಂದರ ಬಾಣಂತನ ಆಗಿಲ್ಲೇನು?"

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಕನ್ನಡಕದವರು ಮೆಲ್ಲಗೆ "ನಾನೇ ಮಾಡಿದ್ದು ಮೇಡಂ" ಅಂದರು.

ಅಯ್ಯೋ ಶಿವನೇ! ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅವರು ಮೇಜಿನ ಮೇಲಿದ್ದ ನನ್ನ ಅರ್ಜಿ ಎತ್ತಿಕೊಂಡು ನಿಧಾನವಾಗಿ ನೋಡಿದರು.

"ಸರಿ ಮೇಡಂ, ನಿಮ್ಮ ಪ್ರಶ್ನೆ ನಿಮಗೇ ಕೇಳ್ತೀನಿ. ನೀವು ಈಗ ಎಲ್ಲಿದ್ದೀರಾ?"

"ಇಲ್ಲೇ ಬಿಟಿಎಂನಾಗ್ರಿ."

"ಇದರಲ್ಲಿ ಈಗಿನ ವಿಳಾಸ ಹುಬ್ಬಳ್ಳಿ ಅಂತ ಬರ್ದಿದ್ದೀರಲ್ಲ? ಈ ಅರ್ಜಿ ನಮಗೆ ಎರಡು ವಾರದ ಹಿಂದೇನೇ ಬಂದಿತ್ತು. ಹುಬ್ಬಳ್ಳಿಯವರು, ಬರೋದು ಯಾವ ಕಾಲಕ್ಕೋ ಅಂತ ಪಕ್ಕಕ್ಕೆ ಇಟ್ಬಿಟ್ವಿ. ನಮಗೆ ಸೋಮವಾರದಿಂದಲೇ ಜನ ಬೇಕು."

ಕಾಗದ ಇಸಿದುಕೊಂಡು ನೋಡಿದೆ. ಹೌದು, ನನ್ನದೇ ಕೈಯ ಕೆಲಸ. ಕಳಿಸಿದ ಅಷ್ಟೂ ಕಡೆಗೆ ಇದನ್ನೇ ಕಳಿಸಿದ್ದೆ. ಕಂಡಕಂಡವರನ್ನೆಲ್ಲ ಈಗ ಎಲ್ಲಿದ್ದೀರಿ ಅಂತ ಕೇಳಿದವಳು, ನನ್ನ ಸರದಿ ಬಂದಾಗ ಬಿಟ್ಟು ಬಂದ ಊರನ್ನೇ ಬರೆದಿದ್ದೆ. ಮರೆವು ಅಂತ ಹೇಳಬಹುದಿತ್ತು. ಆದರೆ ಮರೆವಲ್ಲ, ನನಗೆ ಗೊತ್ತು. ಅಲ್ಲಿ ಕುರ್ಚಿ ಇದೆ ಅನ್ನುವ ಧೈರ್ಯಕ್ಕೆ ಒಂದು ಕಾಲು ಅಲ್ಲೇ ಇಟ್ಟಿದ್ದೆ. ಊರು ಬಿಟ್ಟೆ ಅಂತ ಬರೆಯಲು ಕೈ ಬಂದಿರಲಿಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು. ಅದರ ಹಿಂದೆಯೇ ನಗು ಬಂತು, ತಡೆಯಲಾಗಲಿಲ್ಲ. ಅವರಿಬ್ಬರೂ ನಕ್ಕರು.

"ಹಾಗಾದ್ರೆ ಸರಿಯಾದ ವಿಳಾಸ ಹೇಳಿ, ಬರ್ಕೋತೀನಿ" ಅಂದಳು ಹುಡುಗಿ.

ಹೇಳಹೊರಟೆ. ಮನೆ ನಂಬರ್ ಎಷ್ಟು, ಯಾವ ಕ್ರಾಸು? ನಾಲ್ಕು ವಾರದಲ್ಲಿ ಒಮ್ಮೆಯೂ ಗೇಟಿನ ಬೋರ್ಡು ಓದಿರಲಿಲ್ಲ. ಮಾಡುವುದೇನು, ಅವರೆದುರಿಗೇ ಆಂಟಿಗೆ ಫೋನ್ ಹಚ್ಚಿದೆ, ಸ್ಪೀಕರ್ ಹಾಕಿ.

"ಆಂಟಿ, ನಮ್ಮ ಮನಿ ನಂಬರ್ ಎಷ್ಟ್ರಿ?"

"ಅಯ್ಯೋ, ನಿಮ್ಮನೆ ನಂಬರ್ ನಿಂಗೇ ಗೊತ್ತಿಲ್ವಾ? ದಾರಿ ತಪ್ಪಿದ್ಯೇನಮ್ಮಾ?" ಅಂದು, ಮನೆ ನಂಬರ್, ಕ್ರಾಸು, ಮೇನು, ಸ್ಟೇಜು ಎಲ್ಲ ಒಪ್ಪಿಸಿದರು. ಹುಡುಗಿ ಬರೆದುಕೊಂಡಳು. "ಬೇಗ ಬಾ, ನಿನ್ನ ಮಗಳು ಶಾಲೆಯಿಂದ ಬಂದು ನಮ್ಮನೇಲಿ ದೋಸೆ ತಿಂತಾ ಕೂತಿದ್ದಾಳೆ" ಅಂತಲೂ ಸೇರಿಸಿದರು.

ಕನ್ನಡಕದವರು ಎದ್ದು ನಿಂತು "ಸೋಮವಾರ ಒಂಬತ್ತೂವರೆಗೆ ಬರ್ತೀರಾ?" ಅಂದರು.

"ಬರ್ತೀನ್ರಿ" ಅಂದೆ. ಸುಮ್ಮನಿರಬೇಕಿತ್ತು, ನನಗೆಲ್ಲಿ ಬರುತ್ತೆ ಅದು? "ಆದ್ರ ಆ ಬಾಕ್ಸ್ ಎರಡು ಮಾಡ್ರಿ ಸರ್."

"ಮೊದಲ ಕೆಲಸ ಅದೇ. ನೀವು ಬಂದು ಪಕ್ಕದಲ್ಲಿ ಕೂತು ಹೇಳಿ" ಅಂದರು.

ಮೆಟ್ಟಿಲನ್ನು ಎರಡೆರಡಾಗಿ ಇಳಿದೆ, ಸೀರೆ ಉಟ್ಟಿದ್ದೇನೆ ಅನ್ನುವ ಖಬರೇ ಇಲ್ಲದೆ. ದರ್ಶಿನಿಯ ಮುಂದೆ ನಿಂತು ಹುಬ್ಬಳ್ಳಿಗೆ ಫೋನ್ ಮಾಡಿದೆ. "ಸರ್, ಆ ಕುರ್ಚಿ ಬ್ಯಾರೆಯವರಿಗೆ ಕೊಟ್ಟುಬಿಡ್ರಿ." ಡಾಕ್ಟರು "ಛಲೋ ಆತು ಬಿಡವ್ವಾ" ಅಂದರು. ಹದಿನೈದು ವರ್ಷದ ಕುರ್ಚಿ, ಅರ್ಧ ನಿಮಿಷದ ಮಾತು. ಕಣ್ಣೊರೆಸಿಕೊಂಡು ಕಾಫಿ ಕುಡಿದು ಬಸ್ಸು ಹತ್ತಿದೆ.

ಸೋಮವಾರ ಬೆಳಿಗ್ಗೆ ಮಗಳು ಎಂದಿನಂತೆ ಬಾಚಣಿಕೆ ಹಿಡಿದು ನನ್ನ ಮುಂದೆ ಬಂದು ಕೂತಳು. ಎರಡು ಜಡೆ ಹೆಣೆದೆ, ರಿಬ್ಬನ್ ಕಟ್ಟಿದೆ. ಕಟ್ಟಿಯಾದ ಮೇಲೂ ಜಡೆಗಳನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ.

"ಅವ್ವಾ, ಬಿಡಬೇ" ಅಂದಳು. "ಇಬ್ಬರಿಗೂ ತಡ ಆಗತೈತಿ."